ರಂಜಕದ ಕಿವಿ

ಮೊಣ್ಣಪ್ಪನವರು ಕಂಬಳಿ ಬಿಚ್ಚಿದರು, ವಿರಾಜಪೇಟೆಯ
ನನ್ನ ಅಂಗಡಿಯ ಹಲಗೆಯ ಮೇಲೆ, ಮಲಗಿದ ಮಗುವಿನದು ಸರಿಸಿದ ಹಾಗೆ,
ಕಾಲ ಕಡೆಯಿಂದ.
ಮೊದಲು ಕಬ್ಬಿಣದ ಹಿಮ್ಮಡಿ,
ಆಮೇಲೆ ಮರ, ಯಾರದೋ ಕೆನ್ನೆಯ ಬೆವರು ಕುಡಿದು ಕಪ್ಪಾದದ್ದು,
ಆಮೇಲೆ ಕೀಲಿನ ತಟ್ಟೆ: ಅದರ ಮೇಲೊಂದು ಹದ್ದು,
ಯು, ಎಸ್, ಎರಡಕ್ಷರ, ಊರು ಸ್ಪ್ರಿಂಗ್‌ಫೀಲ್ಡ್,
ಬಾಲದಲ್ಲಿ ಇಸವಿ, ಸಾವಿರದೆಂಟುನೂರಾ ಇಪ್ಪತ್ತೇಳು.
"ಆಗ ನಮ್ಮಲ್ಲಿನ್ನೂ ರಾಜ ಇದ್ದ" ಎಂದರು.

ಇದು ಅವರ ಆರನೆಯ ಅಮೆರಿಕದ ಕೋವಿ.
ಅಜ್ಜನದು ಗೋಡೆಯಲ್ಲಿದೆ, ಅದಕ್ಕೆ ಯಾರೂ ಬೆಲೆ ಕೇಳುವುದಿಲ್ಲ.
ಇವಕ್ಕೆ ಬೆಲೆ. ಹಾರ್ಪರ್ಸ್ ಫೆರಿಯ ರೈಫಲ್ಲು,
ಅರ್ಧ ಮರದ್ದು, ಪಕ್ಕೆಯಲ್ಲಿ ಹಿತ್ತಾಳೆಯ ಡಬ್ಬಿ,
ಅದಕ್ಕೊಂದು ವರ್ಷದ ಕಾಫಿ ಹೋಯಿತು.
ಇದಕ್ಕೆ, ಕೂನೂರಿನ ಹರಾಜಿನಲ್ಲಿ, ಈ ಸಲದ ಮೆಣಸು ಪೂರ್ತಿ.
ಹೆಂಡತಿ ದೇಚವ್ವ ಲೆಕ್ಕದ ಪುಸ್ತಕದಲ್ಲಿ
ಮೆಣಸಿನ ಮುಂದೆ ಬರೆದಿದ್ದಾರಂತೆ: ಹದ್ದು ತಿಂದಿತು.

"ನೋಡಿ ಹೇಳು ಐರಿ. ಹುಟ್ಟಿದ ಹಾಗೇ ಇದೆಯಾ?
ಚಕಮಕಿ ಅವತ್ತಿನದೇನಾ?"

ಮೊದಲು ಗಜ ಇಳಿಸಿದೆ. ಠಣ್ ಎಂದಿತು ತಳ. ಖಾಲಿ.
ಇನ್ನೂರು ವರ್ಷ ಸುಮ್ಮನಿದ್ದ ಕೋವಿಯನ್ನೂ ನಂಬಬೇಡ,
ಅಪ್ಪನ ಮಾತು.
ತಿರುಪು ಬಿಚ್ಚಿ ಕೀಲು ಹೊರತೆಗೆದೆ.
ನಳಿಗೆಯ ಬುಡಕ್ಕೆ ಎಣ್ಣೆ ಸವರಿ ಕಿಟಕಿಗೆ ಓರೆ ಹಿಡಿದೆ.
ಕಂಡಿತು. ರಂಜಕದ ಕಿವಿಯಿಂದ ತುಸು ಮೇಲೆ
ಒಂದು ಮೆಣಸುಕಾಳಿನ ಅಗಲ, ಬೇರೆಯೇ ಬೂದು.
ಬೆಸುಗೆ.

ಅಂದರೆ, ಆ ದೇಶದ ಯಾವನೋ ಐರಿ
ಚಕಮಕಿ ಕಿತ್ತು, ಕಿವಿ ಮುಚ್ಚಿ, ನೆತ್ತಿಗೆ ತೂತು ಕೊರೆದು
ಕೇಪಿನ ಕೋವಿ ಮಾಡಿದ್ದ. ಎಷ್ಟೋ ವರ್ಷದ ಮೇಲೆ ಇನ್ನೊಬ್ಬ,
ಮಾರುವವನು, ಆ ತೂತು ತುಂಬಿ, ಕಿವಿಯನ್ನು ಮತ್ತೆ ಕೊರೆದು,
ಹೊಸ ಕುದುರೆಗೆ ಹಳೆ ತುಕ್ಕು ಬರಿಸಿ
ಮುದುಕಿಗೆ ಮೂಗು ಚುಚ್ಚಿಸಿದ್ದಾನೆ, ಎರಡನೆಯ ಸಲ.

ಹೇಳಲೋ ಬೇಡವೋ.

ನನ್ನ ಬೆಂಚಿನ ಕೆಳಗೊಂದು ಬಿಸ್ಕತ್ತಿನ ಡಬ್ಬಿ.
ಅದರಲ್ಲಿ ನಲವತ್ಮೂರು ಕುದುರೆಗಳು, ಕತ್ತು ಬಾಗಿದವು,
ಕೆಲವಕ್ಕೆ ಹಲ್ಲಿನಲ್ಲಿ ಇನ್ನೂ ಕಲ್ಲಿನ ಚೂರು.
ನನ್ನ ಮುತ್ತಜ್ಜ ಈ ನಾಡಿನ ಕೋವಿಗಳಿಂದ ಕಿತ್ತವು.
ಯಾಕೆ ಎಂಬುದಕ್ಕೆ ಮನೆಯಲ್ಲೊಂದು ಕತೆ, ನಿಜವೋ ತಿಳಿಯದು:
ಕಕ್ಕಡ ತಿಂಗಳಲ್ಲಿ ಒಬ್ಬ ಮುದುಕ ಸತ್ತ.
ಸಾವಿಗೆ ಎರಡು ಗುಂಡು. ಒಂದು ಹಾರಿತು.
ಎರಡನೆಯದಕ್ಕೆ ರಂಜಕ ಒದ್ದೆ.
ಕಲ್ಲು ಹೊಡೆಯಿತು, ಹೊಡೆಯಿತು, ಕಿಡಿ ಬಿದ್ದು ಸತ್ತಿತು.
ಆಚೆ ಗುಡ್ಡದ ತಂಗಿ ಒಂದೇ ಗುಂಡು ಕೇಳಿ
ಅಣ್ಣನ ಮನೆಯಲ್ಲಿ ಗಂಡು ಹುಟ್ಟಿತೆಂದು
ಗೊರಗ ಹೊದ್ದು, ಬೆಲ್ಲ ಜೇನು ಕಟ್ಟಿಕೊಂಡು
ನಗುತ್ತ ಬಂದಳಂತೆ ಗದ್ದೆ ಏರಿಯ ಮೇಲೆ.
ಮಾದ ಮುಗಿದ ಮರುದಿನ ಮಗ ಆ ಕೋವಿ ತಂದು
ಕುಲುಮೆಯ ಮುಂದೆ ಎಸೆದ: ಕೀಳು ಇದರ ಹಲ್ಲು.

ಹೇಳಿದೆ. ಬೆಸುಗೆ ತೋರಿಸಿದೆ.
ಮೊಣ್ಣಪ್ಪನವರು ಭೂತಗನ್ನಡಿ ಹಿಡಿದರು, ಇಳಿಸಿದರು,
ಡಬ್ಬಿ ಕೇಳಿ ತೆಗೆದು ಒಂದೊಂದೇ ಕುದುರೆ
ಅಂಗೈಯಲ್ಲಿ ತೂಗಿದರು.
"ಅವನಿಗೂ ಮಳೆಯೇ ಇರಬೇಕು, ಆ ಮೊದಲಿನವನಿಗೆ."
"ಇರಬಹುದು."
"ಅವನು ಕಳ್ಳನಲ್ಲ."
"ಅಲ್ಲ."
"ತಿರುಗಿ ಕೇಪಿನದು ಮಾಡಿಕೊಡಲಾ?" ಎಂದೆ.
"ಬೇಡಪ್ಪ. ಇನ್ನೊಂದು ತೂತಿಗೆ ಇದರಲ್ಲಿ ಜಾಗ ಎಲ್ಲಿದೆ?"
ಪೆನ್ಸಿಲಿನಿಂದ ತಮ್ಮ ಪುಟ್ಟ ಪುಸ್ತಕದಲ್ಲಿ
ಒಂದು ಪದ ಹೊಡೆದುಹಾಕಿದರು. ಬದಲಿಗೇನೂ ಬರೆಯಲಿಲ್ಲ.
ಕೈಲ್‌ಪೊಳ್ದಿಗೆ ಇದರ ಬಾಯಿಗೂ ತೋಕ್‌ಪೂ ಇಡುತ್ತೇನೆ ಎಂದರು,
ಮತ್ತೆ, ದನಿ ತಗ್ಗಿಸಿ, "ದೇಚವ್ವನಿಗೆ ಹೇಳಬೇಡ."

ಕೀಲು ಕೂರಿಸಿ, ಕಿವಿ ಕಟ್ಟಿದೆಯೋ ಎಂದು
ಅವರಿಗೇ ಊದಲು ಹೇಳಿದೆ.
ಬಾಯಿಟ್ಟರು ತುದಿಗೆ, ಎಪ್ಪತ್ತೊಂದು ವರ್ಷದ ಎದೆ,
ನಾನು ಆ ಮೋಸದ ತೂತಿನ ಮೇಲೆ ಬೆರಳಿಟ್ಟು ಕಾದೆ.
"ಬರ್ತಾ ಇದೆಯಾ?"
ಬೆಚ್ಚಗೆ, ಅಡಿಕೆಯ ವಾಸನೆ, ತುಸು ತುಕ್ಕು.
"ಬರ್ತಾ ಇದೆ" ಎಂದೆ.