ಮೂಲ ಹಕ್ಕುದಾರರ ಹೆಸರು

ಲಿಯೆಪಾಯಾದಲ್ಲಿ ಗಾಳಿಗೆ ರಜೆಯಿಲ್ಲ.
ಮೂರನೇ ಮಹಡಿಯ ಕಿಟಕಿಯ ಸಂದಿಗೆ ಹಳೆಯ ಪತ್ರಿಕೆ ತುರುಕಿ
ದೂರುಗಳನ್ನು ಬಿಡಿಸುತ್ತೇನೆ, ಬಟಾಣಿ ಸುಲಿದ ಹಾಗೆ:
ಒಂದು ಟೋಪಿ, ಎರಡು ಶಾಲು, ಯಾರದೋ ಮಗುವಿನ ಕಾಲುಚೀಲ.
ನಮ್ಮದು ಹೆಣಿಗೆ ನಕ್ಷೆಗಳ ತಾಣ.
ಕದ್ದರು ಎಂದು ಬರೆಯುವವರು
ಕದ್ದವರಿಗಿಂತ ಹೆಚ್ಚು.

ನಿಯಮ ಸರಳ:
ಮೊದಲು ಬಾಗಿಲು ಹಾಕು,
ಒಳಗೆ ಯಾರಿದ್ದರು ಎಂದು ಆಮೇಲೆ ಕೇಳು.

ಆ ಮಂಗಳವಾರ ಗೋಥೆನ್‌ಬರ್ಗಿನ ಕಂಪನಿಯ ಪತ್ರ.
ಇಸ್ತ್ರಿ ಹಾಕಿದಂಥ ವಾಕ್ಯ, ವಕೀಲರ ಸಹಿ.
ಕೆಂಪು ನೆಲ, ಎಂಟು ಮೊನೆಯ ಬಿಳಿ ನಕ್ಷತ್ರ,
ಮಣಿಕಟ್ಟಿಗೆ ಹಸಿರು ಜಾಲರಿ,
ಇದು ನಮ್ಮ ಚಳಿಗಾಲದ ಸಂಗ್ರಹದ ಸ್ವತ್ತು,
ಎಂದು ಪ್ರಾಮಾಣಿಕವಾಗಿ ನಂಬಿ,
ಸುಳ್ಳಾದರೆ ಶಿಕ್ಷೆಗೆ ಬದ್ಧರಾಗಿ, ಇತ್ಯಾದಿ.

ತೆಗೆದೆ. ಒಂದು ಗುಂಡಿ. ಸದ್ದೂ ಆಗಲಿಲ್ಲ.

ಅದು ಅಲ್ಸುಂಗಾದ ಜಿಡ್ರಾ ಪುಂಪುರೆ ಹಾಕಿದ್ದ
ಒಂದೇ ಒಂದು ನಕ್ಷೆ. ವಯಸ್ಸು ಎಂಬತ್ತೊಂದು.
ಚೌಕುಳಿ ಕಾಗದ, ಪೆನ್ಸಿಲ್ಲಿನ ಅಡ್ಡಗೀಟು,
ಮೂಲೆಯಲ್ಲಿ ಕಾಫಿ ಲೋಟದ ಉಂಗುರ.
ನಮೂನೆ ಕಳಿಸಿದೆ: ಆಕ್ಷೇಪವಿದ್ದಲ್ಲಿ ತಿಳಿಸತಕ್ಕದ್ದು.

ಒಂಬತ್ತನೆಯ ದಿನ ಉತ್ತರ ಬಂತು, ಅಂಚೆಯಲ್ಲಿ,
ನಾಲಿಗೆಯಿಂದ ಒದ್ದೆ ಮಾಡಿ ಅಂಟಿಸಿದ ಚೀಟಿಯ ನಿಜವಾದ ಅಂಚೆ.
ಲಕೋಟೆಯೊಳಗೆ ಒಂದು ಕೈಗವಸು.
ಒಂದೇ. ಎಡಗೈಯದು.
ಹೆಬ್ಬೆರಳನ್ನು ನುಸಿ ತಿಂದಿದೆ.

ಹೆಸರು: ಸರಿಯಾಗಿದೆ.
ವಿಳಾಸ: ಚರ್ಚಿನ ಹಿಂದೆ, ಯಾರನ್ನು ಕೇಳಿದರೂ ತೋರಿಸುತ್ತಾರೆ.
ಮೂಲ ಹಕ್ಕುದಾರರು:
ಇಲ್ಲಿ ಜಾಗ ಸಾಲದೆ ಹಾಳೆಯ ಬೆನ್ನಿಗೆ ಹೋಗಿದ್ದಾಳೆ.

"ಅಜ್ಜಿ ಹೆಣೆದದ್ದು. ಆದರೆ ಅಜ್ಜಿಯದಲ್ಲ.
ಭಾನುವಾರ ಪ್ರಾರ್ಥನೆಗೆ ಊರೆಲ್ಲ ಕಣ್ಣು ಮುಚ್ಚಿದಾಗ
ಅಜ್ಜಿ ಮುಚ್ಚುತ್ತಿರಲಿಲ್ಲ,
ಮುಂದಿನ ಬೆಂಚಿನ ಲವೀಜೆಯ ಕೈ ನೋಡುತ್ತಿದ್ದಳು.
ಒಂದು ವಾರ ಮೂರು ಸಾಲು, ಇನ್ನೊಂದು ವಾರ ನಾಲ್ಕು,
ಕಣ್ಣಳತೆಯಲ್ಲೇ ಇಡೀ ನಕ್ಷತ್ರ ಕದ್ದಳು.
ಲವೀಜೆಗೆ ತಿಳಿಯಿತು. ಹನ್ನೊಂದು ವರ್ಷ ಮಾತು ಬಿಟ್ಟಳು.
ಆಮೇಲೆ, ಅಜ್ಜಿಯನ್ನು ಸೈಬೀರಿಯಾದ ರೈಲಿಗೆ ತುಂಬಿದ ರಾತ್ರಿ,
ಅದೇ ಲವೀಜೆ ಹಿಮದಲ್ಲಿ ಓಡಿಬಂದು
ಅವಳ ಕೈಗೆ ಒಂದು ಜೊತೆ ತೊಡಿಸಿದಳಂತೆ,
ಅದೇ ಎಂಟು ಮೊನೆ.
ಅದನ್ನು ಅನುಮತಿ ಎಂದು ಬರೆಯಬಹುದೇ?
ನನಗೆ ಕಾನೂನು ತಿಳಿಯದು.
ಸುಳ್ಳು ಹೇಳಿದರೆ ಶಿಕ್ಷೆ ಅಂದಿದ್ದೀರಿ,
ಅದಕ್ಕೇ ಇಷ್ಟು ಉದ್ದವಾಯಿತು."

ರೈಟಿಸ್ ಇಣುಕಿ ಓದಿ ನಕ್ಕ:
ತಪ್ಪೊಪ್ಪಿಗೆಯೇ ಸಿಕ್ಕಿತಲ್ಲ, ಕಡತ ಮುಚ್ಚು.
ನಮ್ಮ ಪರದೆಯ ಮೇಲೆ ಎರಡೇ ಚೌಕ,
ಹೌದು, ಇಲ್ಲ.
ನಾನು ಮುಚ್ಚಲಿಲ್ಲ, ತೆರೆಯಲೂ ಇಲ್ಲ.
ಪತ್ರವನ್ನು ಹಾಗೆಯೇ ಗೋಥೆನ್‌ಬರ್ಗಿಗೆ ಕಳಿಸಿ
ಲವೀಜೆಯ ವಿಷಯದಲ್ಲಿ ನಿಮ್ಮ ನಿಲುವೇನು ಎಂದು ಕೇಳಿದೆ.
ನಿಮ್ಮ ಸಂದೇಶ ನಮಗೆ ಅಮೂಲ್ಯ, ಎಂದಿತು
ಅಲ್ಲಿಯ ಯಂತ್ರ.

ಹದಿನಾಲ್ಕು ದಿನ ಕಳೆಯಿತು. ಕೋರ್ಟಿಗೆ ಯಾರೂ ಹೋಗಲಿಲ್ಲ.
ನಕ್ಷೆ ವಾಪಸು ಬಂತು, ಕಾಫಿಯ ಉಂಗುರ ಸಮೇತ.
ಯಾರೂ ಗೆಲ್ಲಲಿಲ್ಲ. ಗಡುವು ಮುಗಿಯಿತು, ಅಷ್ಟೆ.
ಮೂಲ ಹಕ್ಕುದಾರರ ಹೆಸರಿಲ್ಲದೆ
ಪುಟ ಉಳಿಯಲೊಲ್ಲದು. ಬರೆದೆ:
ಲವೀಜೆ, ಅಲ್ಸುಂಗಾ. ಮನೆತನ ತಿಳಿಯದು.
ಅವಳು ಯಾರ ಕೈ ನೋಡಿ ಕಲಿತಳೋ
ಅದಕ್ಕೆ ಕಲಂ ಇಲ್ಲ.

ಕೈಗವಸನ್ನು ಮರಳಿಸಬೇಕು, ಅದೂ ನಿಯಮ.
ಅದಕ್ಕೆ ಮೊದಲು ಒಂದು ಸಂಜೆ ತೊಟ್ಟುಕೊಂಡು ಹೊರಟೆ,
ತಪ್ಪೇ, ಒಪ್ಪುತ್ತೇನೆ.
ಟ್ರಾಮಿನಲ್ಲಿ ಎದುರು ಕೂತ ಹುಡುಗಿ
ನನ್ನ ಮುಖ ನೋಡಲಿಲ್ಲ.
ತುಟಿ ಮಾತ್ರ ಆಡುತ್ತಿತ್ತು: ಎರಡು ಕೆಂಪು, ಒಂದು ಬಿಳಿ,
ಎರಡು ಕೆಂಪು.
ನನ್ನ ನಿಲ್ದಾಣ ಬಂತು.
ಅವಳಿಗಿನ್ನೂ ಮಣಿಕಟ್ಟು ಉಳಿದಿತ್ತು.
ಕಂಬಿ ಹಿಡಿದ ಕೈಯನ್ನು ಹಾಗೇ ಇಟ್ಟೆ.

ಮುಂದಿನ ನಿಲ್ದಾಣದಲ್ಲಿ ಇಳಿದು
ಗಾಳಿಗೆ ಎದುರಾಗಿ ಹಿಂದಕ್ಕೆ ನಡೆದೆ.
ಹೆಬ್ಬೆರಳು ಮಾತ್ರ ಸೆಡೆತುಹೋಗಿತ್ತು.