ಹಿಂದಿನ ಸಾಲಿನ ಎಡಗಡೆಯದು

ಗಿಮ್ಲಿಯಲ್ಲಿ ಇವತ್ತು ಮೈನಸ್ ಮೂವತ್ತೊಂದು.
ಸರೋವರ ಕಲ್ಲಾಗಿದೆ. ಫೋನಿನಲ್ಲಿ ಸಿಗುರ್ಲಿನ್:
"ಹಿಂದಿನ ಸಾಲಿನ ಎಡಗಡೆಯದು ಸತ್ತಿದೆ, ಬಾರೋ."

ಸತ್ತದ್ದು ಯಾರು, ಮೊದಲು ನೋಡಬೇಕು.
ಸುರುಳಿ ಕಿತ್ತು ಪಕ್ಕದ ಗೂಡಿಗೆ ಚುಚ್ಚಿದೆ,
ಅಲ್ಲೂ ಕೆಂಪಾಗದು.
ಪಕ್ಕದ್ದನ್ನು ಇಲ್ಲಿಗೆ ತಂದರೆ ಗಳಿಗೆಯಲ್ಲಿ ಕೆಂಡ.
ತಂತಿಯ ತಪ್ಪಲ್ಲ ಹಾಗಾದರೆ, ಸ್ವಿಚ್ಚಿನದೂ ಅಲ್ಲ.
ಸುರುಳಿಗೆ ಮೀಟರು ಹಿಡಿದರೆ
ಮುಳ್ಳು ಎಳ್ಳಷ್ಟೂ ಅಲುಗಲಿಲ್ಲ.

ಮಾಡೆಲ್ ನಂಬರು ಬೇಕಲ್ಲ.
ಕೆಳಗಿನ ಡ್ರಾಯರ್ ಎಳೆದು, ಟಾರ್ಚು ಕಚ್ಚಿಕೊಂಡು
ನೆಲಕ್ಕೆ ಕೆನ್ನೆಯಿಟ್ಟೆ:
ತಗಡು ಬೋಳು, ಫಳಫಳ.
ನಲವತ್ತು ವರ್ಷ, ಪ್ರತಿ ಶನಿವಾರ
ಉಜ್ಜಿ ಉಜ್ಜಿ ಹೆಸರನ್ನೇ ತೊಳೆದುಬಿಟ್ಟಿದ್ದಾಳೆ ಪುಣ್ಯಾತ್ಗಿತ್ತಿ.

ಕಂಪನಿ ಮುಚ್ಚಿ ಯಾವ ಕಾಲವಾಯಿತೋ.
ವಿನ್ನಿಪೆಗ್ಗಿನ ಅಂಗಡಿಯವ ನಕ್ಕು ಫೋನಿಟ್ಟ.
ಕೊನೆಗೆ ಗುಜರಿಯಲ್ಲಿ, ಹಿಮ ಬಗೆದು,
ಬಾಗಿಲಿಲ್ಲದ ಹಸಿರು ರೇಂಜೊಂದರಿಂದ ಬಿಡಿಸಿ ತಂದೆ:
ಅದೇ ಆರಂಗುಲ, ಅದೇ ನಾಲ್ಕು ಸುತ್ತು,
ಮೇಲೆ ಏನೋ ಕರ್ರಗೆ ಕರಕಲು.

ಕೂಡಿಸಿ ಗುಂಡಿ ತಿರುವಿದೆ.
ಮೊದಲು ಹೊಗೆ. ಆಮೇಲೆ ವಾಸನೆ:
ಹುಳಿ, ಸಕ್ಕರೆ, ಸೀದ ರೂಬಾರ್ಬ್.

ಕಿಟಕಿ ತೆರೆಯಲು ಹೋದವಳು ನಿಂತಳು.
"ಇದು ಥೋರಾಳ ಒಲೆ.
ಒಂದು ದಿನವಾದರೂ ಉಕ್ಕಿಸದೆ ಜಾಮು ಕಾಸಿದವಳಲ್ಲ."
ಬೇಲಿಯ ಜಗಳ, ಹನ್ನೊಂದು ವರ್ಷ ಮಾತಿರಲಿಲ್ಲ.
ಅಕ್ಟೋಬರಿನಲ್ಲಿ ಆ ಮನೆಯ ಸಾಮಾನೆಲ್ಲ
ಟ್ರಕ್ಕಿಗೆ ಹೇರಿದ್ದರು.

ಉಜ್ಜಿ ಕೊಡಲಾ, ಎಂದೆ.
ಬ್ರಷ್ಷು ಅವಳ ಕೈಯಲ್ಲೇ ಇತ್ತು.
"ಬಿಡು. ಉರಿದು ತಾನೇ ಹೋಗುತ್ತೆ."

ಬಿಲ್ಲು: ಹಳೇ ಸುರುಳಿ ಒಂದು, ಹನ್ನೆರಡು ಡಾಲರ್.