ಪುಟಕ್ಕಿಷ್ಟು

ವೀಸಾ ಕೇಂದ್ರದ ಎದುರು ಗಲ್ಲಿಯಲ್ಲಿ, ಚಪ್ಪಲಿ ರಿಪೇರಿಯವನ ಮಗ್ಗುಲಿಗೆ
ನನ್ನ ಅಂಗಡಿ. ಅನುವಾದ, ಮೊಹರು, ಜೆರಾಕ್ಸು.
ಪುಟಕ್ಕಿಷ್ಟು ಎಂದು ದರ.
ಯೆರೆವಾನಿನ ಅರ್ಧ ಜನ
ಈ ಕೀಲಿಮಣೆಯ ಮೇಲೆ ಎರಡನೇ ಸಲ ಹುಟ್ಟಿದ್ದಾರೆ.

ಅರುಸ್ಯಾಕ್ ಬಂದದ್ದು ಮಂಗಳವಾರ, ಗ್ಯುಮ್ರಿಯಿಂದ, ಮೊದಲ ಬಸ್ಸಿಗೆ.
ಕಂಕುಳಲ್ಲಿ ಕಡತ, ಕೈಯಲ್ಲಿ ಬಟ್ಟೆ ಸುತ್ತಿದ ಲವಾಶ್ ರೊಟ್ಟಿ.
ವೇಲ್ಸಿನಲ್ಲಿ, ಸಮುದ್ರಕ್ಕೆ ಬೆನ್ನು ಮಾಡಿದ ಒಂದು ಮನೆಯಂತೆ,
ಅಲ್ಲಿ ಹನ್ನೊಂದು ಜನ,
ತಾವಾಗಿ ಉಣ್ಣಲಾರರು, ಅಂಗಿಗೆ ಗುಂಡಿ ಹಾಕಿಕೊಳ್ಳಲಾರರು.
ಒಂದು ವರ್ಷ. ಊಟ, ಕೋಣೆ. ಸಂಬಳವಿಲ್ಲ.
"ಸಂಬಳವಿಲ್ಲ ಎಂಬುದಕ್ಕೆ ಪುರಾವೆ ಬೇಕಂತೆ," ಎಂದಳು,
"ಹಣವಿದೆ ಎಂಬುದಕ್ಕೂ."

ಇತ್ತು. ನಾದಿನಿ ಕೊಟ್ಟ ಸಾಲ.
ಇಪ್ಪತ್ತೆಂಟು ದಿನ ಬ್ಯಾಂಕಿನಲ್ಲಿ ಮಿಸುಕದೆ ಕೂರಬೇಕು,
ಒದ್ದೆ ಬಟ್ಟೆಯಡಿ ಮುಚ್ಚಿಟ್ಟ ಹಿಟ್ಟಿನ ಹಾಗೆ,
ಮುಟ್ಟಬಾರದು, ಇಣುಕಬಹುದು.
ಇಣುಕಿದ್ದಾಳೆ, ದಿನಕ್ಕೆರಡು ಸಲ.

ಹುಟ್ಟಿದ ಊರು?
ಜನನ ಪತ್ರದಲ್ಲಿ ಒಂದು ಹೆಸರು, ಭೂಪಟದಲ್ಲಿ ಇನ್ನೊಂದು.
"ಊರು ಅದೇ. ಹೆಸರು ಆಮೇಲೆ ಬಿತ್ತು.
ಮೊದಲು ಗೋಡೆಗಳು."

ಸ್ವಯಂಸೇವಕಿ ಎಂಬಲ್ಲಿ ನನ್ನ ಬೆರಳು ನಿಂತಿತು.
ನಮ್ಮ ಮಾತಿನಲ್ಲಿ ಕಮಾವೋರ್. ಮನಸ್ಸು ಮಾಡಿದವರು ಎಂದಷ್ಟೇ ಅರ್ಥ.
ಬಂದೂಕು ಹೊತ್ತು ಗಡಿಗೆ ಹೋದ ನನ್ನ ಅಣ್ಣನೂ ಕಮಾವೋರ್,
ಯಾರದೋ ಬಾಯಿ ಒರೆಸಲು ಹೊರಟ ಇವಳೂ.
ಇಂಗ್ಲಿಷಿನಲ್ಲೂ ಹಾಗೇ, ಎರಡಕ್ಕೂ ಒಂದೇ ಪದ.
ಅಧಿಕಾರಿ ಯಾವುದನ್ನು ಓದಿಕೊಳ್ಳುತ್ತಾನೋ!
ಪಕ್ಕದಲ್ಲಿ 'ಅಡುಗೆ' ಎಂದು ಸೇರಿಸಿದೆ.

ಕೊನೆಗೆ ಕಾಗದ: ಯಾಕೆ ಹೋಗಬೇಕೆಂದಿದ್ದೀರಿ, ಒಂದು ಪುಟ ಮೀರದಂತೆ.
ಅವಳು ಬರೆದದ್ದು ಎರಡೂಕಾಲು.
ಏಳು ವರ್ಷ. ಡಿಸೆಂಬರು. ಕಿಟಕಿ ಪಕ್ಕದ ಬೆಂಚು.
ಆಮೇಲೆ ಕತ್ತಲು, ನಾಲಿಗೆಯ ಮೇಲೆ ಸುಣ್ಣ,
ಎಷ್ಟೋ ಹೊತ್ತಿಗೆ ಒಂದು ನಾಯಿಯ ಮೂಗು.
ಅದರ ಹಿಂದೆ ಕೆಂಪು ಟೊಪ್ಪಿಗೆಯ ಮನುಷ್ಯ.
ಅವನ ಮಾತು ಅವಳಿಗೆ ಬಾರದು,
ಅವಳ ಅಳು ಅವನಿಗೆ ಬರುತ್ತಿತ್ತು.
ಯಾವ ದೇಶದವನು, ಗೊತ್ತಿಲ್ಲ.
ಅವನ ಕಾಗದಪತ್ರ ಯಾರು ನೋಡಿದರು, ಅದೂ ಗೊತ್ತಿಲ್ಲ.

"ಇದನ್ನು ತೆಗೆಯೋಣ," ಎಂದೆ. "ಇದಕ್ಕೆ ಅರ್ಜಿಯಲ್ಲಿ ಚೌಕವಿಲ್ಲ.
ಹಿಂತಿರುಗಿ ಬರುತ್ತೀರಾ, ಅವರಿಗೆ ಬೇಕಾದದ್ದು ಅಷ್ಟೇ.
ಮನೆ, ಗಂಡ, ಒಲೆ... ನಿಮ್ಮನ್ನು ಇಲ್ಲಿಗೆ ಕಟ್ಟಿರುವುದೇನು, ಅದನ್ನು ಬರೆಯಿರಿ."
"ಇದೇ ಕಟ್ಟಿರುವುದು," ಎಂದಳು.

ಆ ಭಾಗ ಬಿಟ್ಟು ಲೆಕ್ಕ ಹಾಕಿದೆ.
ಅವಳು ಗೋಡೆಯ ಮೇಲಿನ ದರಪಟ್ಟಿ ತೋರಿಸಿದಳು,
ಕಡಿಮೆ ಬಿದ್ದದ್ದನ್ನು ನಾಣ್ಯದಲ್ಲಿ ಎಣಿಸಿಟ್ಟಳು,
ರಸೀದಿ ಕೇಳಿದಳು.

ಹನ್ನೆರಡಕ್ಕೆ ಒಳಹೋದವಳು ಮೂರಕ್ಕೆ ಹೊರಬಂದಳು.
ಯಂತ್ರಕ್ಕೆ ಅವಳ ಬೆರಳು ಕಾಣಲಿಲ್ಲವಂತೆ.
ಇಪ್ಪತ್ತು ವರ್ಷ ತೊನಿರ್ ಒಲೆಯ ಬಾಯಿಗೆ ಬಾಗಿ,
ಕೊಕ್ಕೆ ಸಿಗದಾಗ ಬೆರಳಿನಿಂದಲೇ
ಕಾದ ಗೋಡೆಯ ರೊಟ್ಟಿ ಬಿಡಿಸಿದ ಕೈ.
ಗೆರೆಗಳೆಲ್ಲ ಊರವರ ಹೊಟ್ಟೆ ಸೇರಿವೆ.
ಮತ್ತೆ ಒತ್ತಿ, ಎಂದರಂತೆ. ಒರೆಸಿ ಒತ್ತಿ. ಕ್ರೀಮು ಹಚ್ಚಿ ಒತ್ತಿ.
ನಾಲ್ಕನೆಯ ಸಲಕ್ಕೆ
ಎಡಗೈಯ ಕಿರುಬೆರಳೊಂದು ಒಪ್ಪಿಗೆಯಾಯಿತು.
"ಅಷ್ಟು ಸಾಕಾ?"
ನನಗೆ ಹೇಗೆ ಗೊತ್ತು. ಸಾಕು, ಎಂದೆ.

ಏಳು ವಾರ. ಉತ್ತರ ಬಂದಿಲ್ಲ.
ಮರೆತು ಹೋದಳೋ ಬಿಟ್ಟು ಹೋದಳೋ, ಆ ರೊಟ್ಟಿ
ಬೆಂಚಿನ ಮೇಲೆ ಹೆಂಚಿನಷ್ಟು ಗರಿಯಾಗಿ ಒಣಗಿದೆ.
ಲವಾಶ್ ಕೆಡುವುದಿಲ್ಲ.
ನೀರು ಚಿಮುಕಿಸಿ, ಬಟ್ಟೆ ಹೊದಿಸಿ, ಒಂದಿಷ್ಟು ಕಾದರೆ
ಮಡಿಸಲು ಬರುತ್ತದೆ.
ಮಂಗಳವಾರಕ್ಕೊಂದು ತಿನ್ನುತ್ತೇನೆ.
ಇನ್ನು ಮೂರಿವೆ.